ಒಡ್ಡಿಗೆ ಮುಖ ಮಾಡಿ ಮಲಗಿದ ಬಂದೂಕು

ಹಾನಗಲ್ಲಿನಲ್ಲಿ ನನ್ನ ಮದುವೆ ಗೊತ್ತಾದ ವಾರ ಬಳೆಗಾರ್ತಿ ಲಾಲಬಿ ಮನೆಗೆ ಬಂದಿದ್ದಳು. ನನ್ನ ಕೈಗೆ ಹಸಿರು ಬಳೆ ಏರಿಸುತ್ತ, "ಹಿರೇಬೆಂಡಿಗೇರಿ ಹಾಲವ್ವನ ಮನಿಗೇನ ಕೊಡೂದು? ನಿಮ್ಮತ್ತಿ ಬಂದೂಕು ಹೊಡಿತಾಳ, ಗೊತ್ತೈತಿಲ್ಲ?" ಅಂದಳು. ನನ್ನವ್ವ ಒಲೆಯ ಮುಂದಿನಿಂದಲೇ, "ಹಂಗಾದ್ರ ಸಾರಿಗೆ ಉಪ್ಪು ನೋಡಿ ಹಾಕು ನೀಲಾ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ಮಾತು ಹೊಟ್ಟೆಯೊಳಗೆ ಕೂತುಬಿಟ್ಟಿತು.

ಬಂದು ನೋಡಿದರೆ ಅತ್ತೆ ನನ್ನ ಭುಜದಷ್ಟೆತ್ತರದ ಹೆಂಗಸು. ಇಳಕಲ್ ಸೀರೆ, ಹಣೆಗೆ ವಿಭೂತಿ, ಮುಂದಿನ ಎರಡು ಹಲ್ಲಿನ ನಡುವೆ ಒಂದು ಸಂದು. ನಕ್ಕರೆ ಆ ಸಂದಿನಿಂದ ಸಣ್ಣದೊಂದು ಸಿಳ್ಳಿನ ಸದ್ದು ಬರುತ್ತಿತ್ತು. ಬಂದೂಕು ಪಡಸಾಲೆಯ ಗೋಡೆಯ ಎತ್ತರದ ಗೂಟಕ್ಕೆ, ಹಳೇ ಧೋತರದಲ್ಲಿ ಸುತ್ತಿಕೊಂಡು ತೂಗುತ್ತಿತ್ತು. ಗುಂಡು, ಮದ್ದು ತುಂಬಿದ ಕಾಡತೂಸುಗಳು ಬೇರೆ ಟ್ರಂಕಿನಲ್ಲಿ, ಅದರ ಬೀಗದ ಕೈ ಅತ್ತೆಯ ಎಲೆಯಡಿಕೆ ಸಂಚಿಯಲ್ಲಿ. ಬಂದೂಕು ಕೆಳಗಿಳಿಯಿತೆಂದರೆ ಮನೆಯವರೆಲ್ಲ ಹಿತ್ತಲಿಗೆ ಹೋಗಬೇಕು. ಅದು ಮನೆಯ ಕಾನೂನು. ಮಾವ ಕರಬಸಪ್ಪನವರೂ ತಮ್ಮ ಭಜನೆಯ ತಾಳ ಎತ್ತಿಕೊಂಡು ಎದ್ದು ಹೋಗುತ್ತಿದ್ದರು.

ಆ ಬಂದೂಕು ಅತ್ತೆಯ ಕೈಗೆ ಬಂದದ್ದಕ್ಕೆ ಕಾರಣವೇ ಮಾವ. ಅದು ಅವರ ಅಪ್ಪನ ಕಾಲದ್ದು. ಚಿಲಕ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಒಂದೊಂದೇ ಗುಂಡು ಹಾರಿಸುವ ರೈಫಲ್ಲು. ಹಳ್ಳದ ಕಡೆಯ ಹೊಲಗಳಿಗೆ ಕಾಡುಹಂದಿಯ ಕಾಟವಿತ್ತು. ಶೇಂಗಾ ಬಿತ್ತಿದರೆ ಬುಡ ಕಿತ್ತು ಹಾಕುತ್ತಿದ್ದವು, ಜೋಳ ಬಿತ್ತಿದರೆ ಹೊರಳಾಡಿ ನೆಲಸಮ ಮಾಡುತ್ತಿದ್ದವು. ಬೆಳೆ ಕಾಯಲೆಂದೇ ಸರ್ಕಾರ ಲೈಸೆನ್ಸ್ ಕೊಟ್ಟಿತ್ತು. ಮಾವನಿಗೆ ಭಜನೆಯ ಪದ ನೂರಾರು ಬಾಯಿಗೆ ಬರುತ್ತಿದ್ದವು, ಆದರೆ ದೂರದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದು ಸಂಜೆ ಹಂದಿಯನ್ನು ಹೆದರಿಸಲು ಹೋಗಿ ತಮ್ಮದೇ ಪಂಪ್‌ಸೆಟ್ಟಿನ ಗುಡಿಸಲಿನ ತಗಡಿಗೆ ತೂತು ಹಾಕಿದರು. ಒಳಗೆ ಯಾರೂ ಇರಲಿಲ್ಲ ಎಂಬುದು ಪುಣ್ಯ. ಅತ್ತೆ ಆ ತೂತನ್ನು ಬೆರಳಿನಿಂದ ಮುಟ್ಟಿ ನೋಡಿ, ಮಾರನೆಯ ವಾರವೇ ಗಂಡನನ್ನು ಕರೆದುಕೊಂಡು ಧಾರವಾಡದ ಕಚೇರಿಗೆ ಹೋದರಂತೆ. ಎಪ್ಪತ್ತನಾಲ್ಕರ ಮಾತು.

"ನಿಮಗ್ಯಾಕ್ರೀ ಬಂದೂಕು?" ಎಂದು ಸಾಹೇಬರು ಕೇಳಿದರು.

"ನಮ್ಮನಿಯವರ ಕೈಯಾಗ ಇರಬಾರದಂತರಿ" ಎಂದರು ಅತ್ತೆ.

ಆ ಕಚೇರಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವನೇ. ಈ ಕಥೆಯನ್ನು ಅವರು ಬಂದವರಿಗೆಲ್ಲ ತಾವೇ ಹೇಳುತ್ತಿದ್ದರು.

ಲೈಸೆನ್ಸ್ ಬಂದಮೇಲೆ ಅತ್ತೆ ಸವಣೂರಿಗೆ ಹೋಗಿ ಖಾದರಸಾಬನ ಹತ್ತಿರ ಕಲಿತರು. ಖಾದರಸಾಬನ ತಂದೆ ನವಾಬರ ಶಿಕಾರಿಖಾನೆಯಲ್ಲಿ ಬಂದೂಕು ತಿಕ್ಕುವ ಕೆಲಸದಲ್ಲಿದ್ದವನು. ಮಗ ಎಲೆ ಪೇಟೆಯ ಹಿಂದೆ ಒಂದು ಸಣ್ಣ ಅಂಗಡಿಯಿಟ್ಟುಕೊಂಡು ಬಂದೂಕು, ಬೀಗ, ಪೆಟ್ರೋಮ್ಯಾಕ್ಸ್, ಸ್ಟೋವು ಎಲ್ಲ ರಿಪೇರಿ ಮಾಡುತ್ತಿದ್ದ. ಮೊದಲಿಗೆ ಎಷ್ಟೋ ದಿನ ಅತ್ತೆಗೆ ಒಂದು ಗುಂಡನ್ನೂ ಹಾರಿಸಲು ಬಿಡಲಿಲ್ಲವಂತೆ. ಚಿಲಕ ತೆಗೆಯುವುದು, ಒಳಗೆ ನೋಡುವುದು, ಹಾಕುವುದು, ಇಷ್ಟೇ ಪಾಠ. "ಖಾಲಿ ಐತಿ ಅಂತ ಯಾರರ ಅಂದ್ರ ನಂಬಬ್ಯಾಡ್ರಿ ಅವ್ವಾರ. ನೀವ ಅಂದ್ರೂ ನಂಬಬ್ಯಾಡ್ರಿ. ಕಣ್ಣೀಲೆ ನೋಡ್ರಿ, ಬೆರಳ ಹಾಕಿ ನೋಡ್ರಿ" ಎಂದು ಹೇಳಿದ್ದನಂತೆ.

ಅತ್ತೆ ಒಂದು ಪ್ರಾಣಿಯನ್ನೂ ಕೊಂದವರಲ್ಲ. "ಅವೂ ಹೊಟ್ಟಿಪಾಡಿಗೆ ಬರ್ತಾವ" ಎನ್ನುತ್ತಿದ್ದರು. ಸದ್ದಿಗೆ ಓಡಿದರೆ ಸಾಕು. ಊರಿನ ಉಳಿದವರು ಹೆದರಿಸಲು ಆಕಾಶಕ್ಕೆ ಹಾರಿಸುತ್ತಿದ್ದರು, ಅತ್ತೆ ಅದಕ್ಕೂ ಒಪ್ಪುತ್ತಿರಲಿಲ್ಲ. "ಮ್ಯಾಲೆ ಹೋದದ್ದು ಯಾರ ತಲಿ ಮ್ಯಾಲೆ ಬೀಳತೈತೋ ಯಾರಿಗ ಗೊತ್ತು?" ಹಳ್ಳದ ಬದಿಗೆ ನಮ್ಮ ಹೊಲದ ಒಡ್ಡನ್ನು ಆಳೆತ್ತರ ಮಣ್ಣು ಹಾಕಿಸಿ ಏರಿಸಿದ್ದರು. ಆ ಒಡ್ಡಿನ ಹೊಟ್ಟೆಗೇ ಗುರಿ. ಅದರಾಚೆ ಹಳ್ಳ, ಜಾಲಿ ಮೆಳೆ. ಆ ಕಡೆಗೆ ದಾರಿಯೂ ಇರಲಿಲ್ಲ.

ನಾನು ಬಂದು ವರ್ಷ ತುಂಬುವ ಹೊತ್ತಿಗೆ, ಎಂಬತ್ತೆರಡರ ಡಿಸೆಂಬರಿನಲ್ಲಿ, ವಿಧಾನಸಭೆಯ ಚುನಾವಣೆ ಬಂತು. ಲೈಸೆನ್ಸಿನ ಬಂದೂಕುಗಳನ್ನೆಲ್ಲ ಶಿಗ್ಗಾಂವಿಯ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಬೇಕೆಂದು ಡಂಗುರ ಸಾರಿದರು. ಕೊನೆಯ ದಿನ ಬೆಳಕು ಹರಿಯುವಾಗ ಆಳು ಬಂದು, ಹಂದಿಗಳು ಜೋಳಕ್ಕೆ ಇಳಿದಿವೆ ಎಂದ. ನನ್ನ ಗಂಡ ಅರಳೆ ಮಾರಲು ರಾಣೆಬೆನ್ನೂರಿಗೆ ಹೋಗಿದ್ದರು. ಅತ್ತೆ ಬಂದೂಕು ಇಳಿಸಿದರು. "ಇವತ್ತು ಒಂದ್ ಸಲ ಹೆದರಿಸಿ ಬಿಡ್ತೇನಿ, ಆಮ್ಯಾಲೆ ಚುನಾವಣಿ ಮುಗಿಯೂತನಕ ಡಬ್ಬಿ ಬಾರಸೋಣು" ಎಂದು ಹೊರಟರು. ನಾನು ಚಹಾದ ಕಿಟ್ಲಿ ಹಿಡಿದು ಹಿಂದೆ ಹೋದೆ.

ಜೋಳದ ನಡುವೆ ಅಲ್ಲಲ್ಲಿ ತೆನೆ ಅಲುಗುತ್ತಿತ್ತು. ಅತ್ತೆ ಒಡ್ಡಿಗೆ ಎದುರಾಗಿ ನಿಂತು ಹೆಗಲಿಗೆ ಬಂದೂಕು ಏರಿಸಿ ಕುದುರೆ ಒತ್ತಿದರು. ನಾನು ಕಿವಿ ಮುಚ್ಚಿಕೊಂಡಿದ್ದೆ. ಏನೂ ಕೇಳಲಿಲ್ಲ. ಕೈ ತೆಗೆದರೆ ಹಕ್ಕಿಗಳ ಸದ್ದು, ಅಷ್ಟೇ.

"ಏನಾತ್ರೀ ಅತ್ತಿ?"

"ಟಕ್ ಅಂತು. ಹಾರಲಿಲ್ಲ. ನೀ ನನ್ನ ಹಿಂದ ನಿಂದ್ರು, ಮುಂದ ಬರಬ್ಯಾಡ."

ಅವರು ಬಂದೂಕನ್ನು ಇಳಿಸಲಿಲ್ಲ, ತಿರುಗಿಸಲಿಲ್ಲ. ಮೂತಿ ಒಡ್ಡಿನ ಕಡೆಗೇ ಇತ್ತು. ತುಟಿ ಮಾತ್ರ ಅಲುಗುತ್ತಿತ್ತು, ಪಂಚಾಕ್ಷರಿ ಜಪ. ಜಪ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: "ಒಮ್ಮೊಮ್ಮಿ ಮದ್ದು ತಡಾ ಮಾಡಿ ಹತ್ತತೈತಿ. ಏನಾತಂತ ತಿರುಗಿಸಿ ನೋಡಿದವರ ಮಾರಿಗೇ ಹಾರತೈತಿ."

ಮೊದಲು ಬಂದೂಕಿನ ಕೆಳಗಿನ ಪೆಟ್ಟಿಗೆಯನ್ನು ಬಿಚ್ಚಿದರು. ಉಳಿದ ಕಾಡತೂಸು ಅದರಲ್ಲಿದ್ದವು. ಅದನ್ನು ನನ್ನ ಕೈಗೆ ಕೊಟ್ಟು ದೂರ ಇಡಲು ಹೇಳಿದರು. ಆಮೇಲೆ ಮುಖವನ್ನು ಒಂದು ಕಡೆಗೆ ಹೊರಳಿಸಿ ಚಿಲಕ ಎತ್ತಿ ಹಿಂದಕ್ಕೆಳೆದರು. ಚಿಲಕದ ತುದಿಗೆ ಒಂದು ಉಗುರಿರುತ್ತದೆ. ಕಾಡತೂಸಿನ ಅಂಚನ್ನು ಹಿಡಿದು ಹೊರಗೆಳೆಯುವುದು ಅದರ ಕೆಲಸ. ಚಿಲಕ ಬಂತು, ಉಗುರೂ ಬಂತು, ಕಾಡತೂಸು ಮಾತ್ರ ನಳಿಗೆಯೊಳಗೆ ಕಚ್ಚಿಕೊಂಡು ಕೂತುಬಿಟ್ಟಿತು. ಹಾರದ, ಮದ್ದು ತುಂಬಿದ, ಜೀವಂತ ಕಾಡತೂಸು.

"ಮತ್ತ ಚಿಲಕ ಹಾಕಿ ಜೋರಾಗಿ ಎಳದ್ರ?" ಎಂದೆ ನಾನು.

"ಹಾಕೂದಂದ್ರ ಅದರ ಬೆನ್ನಿಗೆ ಗುದ್ದಿದಂಗ. ಅದು ಖಾದರಣ್ಣನ ಕೆಲಸ, ನಂದಲ್ಲ."

ಒಡ್ಡಿನ ಕೆಲಸಕ್ಕೆ ತಂದಿಟ್ಟ ಮಣ್ಣಿನ ಚೀಲಗಳಿದ್ದವು. ಎರಡು ಚೀಲಗಳ ನಡುವೆ ಬಂದೂಕನ್ನು ಮಲಗಿಸಿದರು. ಮೂತಿ ಒಡ್ಡಿಗೆ, ಚಿಲಕ ತೆರೆದೇ ಇತ್ತು. ತಾವು ಅದರ ಮುಂದೂ ಅಲ್ಲ, ಹಿಂದೂ ಅಲ್ಲ, ಪಕ್ಕಕ್ಕೆ ದೂರ ಸರಿದು ಬದುವಿನ ಮೇಲೆ ಕೂತರು. "ಚಹಾ ಹಾಕು" ಎಂದರು. ಚಹಾ ಆರಿ ತಣ್ಣಗಾಗಿತ್ತು. ಅದನ್ನೇ ಕುಡಿದರು. ಹಂದಿಗಳು ಜೋಳ ತಿಂದು, ಹೊಟ್ಟೆ ತುಂಬಿದ ಮೇಲೆ ತಾವಾಗಿಯೇ ಹೋದವು.

ನಾನು ಓಡಿ ಹೋಗಿ ಮಾವನಿಗೆ ಹೇಳಿದೆ. ಮಾವನಿಗೆ ಹೇಳಿದ್ದು ಊರಿಗೆ ಹೇಳಿದಂತೆಯೇ. ಹೊತ್ತೇರುವಷ್ಟರಲ್ಲಿ ಹೊಲದ ತುಂಬ ಜನ. ಎಲ್ಲರಿಗಿಂತ ಮುಂದೆ, ರಾಜದೂತ್ ಮೋಟಾರ್‌ಸೈಕಲ್ಲನ್ನು ಬದುವಿನ ಮೇಲೆ ಏರಿಸಿಕೊಂಡು ಬಂದವನು ಬಸವಣ್ಣೆಪ್ಪ. ಮಾವನ ಚಿಕ್ಕಪ್ಪನ ಮಗ. ಊರಿನಲ್ಲಿ ಏನು ಕೆಟ್ಟರೂ ತನ್ನನ್ನು ಕೇಳಬೇಕು ಎನ್ನುವ ಆಸಾಮಿ.

"ವೈನಿ, ಇದೇನ ದೊಡ್ಡ ಕೆಲಸ? ಮುಂದಿನಿಂದ ಕಬ್ಬಿಣದ ಸಳಿ ಹಾಕಿ ಸುತ್ತಿಗೀಲೆ ಒಂದ್ ಏಟು ಕೊಟ್ರ ಬೀಳತೈತಿ."

"ಬೀಳತೈತಿ ಮಾರಾಯಾ. ಅದೂ ಬೀಳತೈತಿ, ನೀನೂ ಬೀಳತೀ" ಎಂದರು ಅತ್ತೆ.

ಕಮ್ಮಾರನಿಗೆ ಬಂದೂಕನ್ನು ಸ್ವಲ್ಪ ಕಾಯಿಸಿದರೆ ಸಡಿಲಾಗುತ್ತದೆ ಎನಿಸಿತು. ಇನ್ನೊಬ್ಬ ಕುದಿಯುವ ನೀರು ಸುರಿಯಿರಿ ಎಂದ. ಮತ್ತೊಬ್ಬ ಬಾವಿಗೆ ಎಸೆದು ಕೈ ತೊಳೆದುಕೊಳ್ಳಿ ಎಂದ. ಮುದುಕಿಯೊಬ್ಬಳು ತೆಂಗಿನಕಾಯಿ ತಂದಿದ್ದಳು, ದೃಷ್ಟಿ ತಾಗಿದ ಬಂದೂಕಿಗೆ ಇಳಿ ತೆಗೆದು ಅಲ್ಲೇ ಒಡೆಯಬೇಕೆಂದು. ಅತ್ತೆ ಎಲ್ಲರ ಮಾತನ್ನೂ ಕೇಳಿದರು, ಯಾರನ್ನೂ ಬೈಯಲಿಲ್ಲ, ಒಬ್ಬರನ್ನೂ ಹತ್ತಿರ ಬಿಡಲಿಲ್ಲ. "ಕಾಯಿ ಗುಡ್ಯಾಗ ಒಡಿ ಯವ್ವಾ, ದೇವರು ಅಲ್ಲಿ ಅದಾನ. ಇಲ್ಲಿ ಬರೇ ಮದ್ದೈತಿ."

ಬಸವಣ್ಣೆಪ್ಪ ಇನ್ನೂ ಅಲ್ಲೇ ಸುಳಿದಾಡುತ್ತಿದ್ದ. ಅವನ ಕೈ ತುರಿಸುತ್ತಿರುವುದು ನನಗೂ ಕಾಣುತ್ತಿತ್ತು. ಅತ್ತೆ ಅವನನ್ನು ಕರೆದು, "ಬಸಣ್ಣಾ, ಈ ಊರಾಗ ನಿನ್ನಂಗ ಗಾಡಿ ಓಡಸವರು ಯಾರೂ ಇಲ್ಲ. ಸವಣೂರಿಗೆ ಹೋಗಿ ಖಾದರಣ್ಣನ್ನ ಕರಕೊಂಡು ಬಾ. ಏನಾಗೇತಂತ ಸರಿಯಾಗಿ ಹೇಳು. ಹಾರಿಲ್ಲ, ಉಗುರು ಜಾರೇತಿ, ಚಿಲಕ ತೆರದೈತಿ. ಇಷ್ಟ ಹೇಳಿದ್ರ ಅವನಿಗೆ ತಿಳಿತೈತಿ" ಎಂದರು. ಅವನು ಎದೆಯುಬ್ಬಿಸಿ ಗಾಡಿಗೆ ಒದ್ದ. ಅಪಾಯ ಅರ್ಧ ಕಡಿಮೆಯಾಯಿತು ಎಂದು ಮಾವ ನನ್ನ ಕಿವಿಯಲ್ಲಿ ಅಂದರು.

ಉಳಿದರ್ಧದ ಕೆಲಸ ಮಾವನ ಪಾಲಿಗೆ ಬಂತು. ಅವರು ದೂರದ ಹುಣಸೆಮರದ ಕೆಳಗೆ ಚಾಪೆ ಹಾಸಿ, ತಾಳ ತರಿಸಿ, ಭಜನೆ ಶುರುಮಾಡಿದರು. ಮೊದಲು ಇಬ್ಬರು ಕೂತರು, ಆಮೇಲೆ ಹತ್ತು ಜನ, ಆಮೇಲೆ ಎಲ್ಲರೂ. ಒಂದು ಪದ ಮುಗಿದರೆ ಇನ್ನೊಂದು. ಯಾರಾದರೂ ಒಡ್ಡಿನ ಕಡೆಗೆ ಎದ್ದರೆ ಮಾವ ಅವರ ಹೆಸರನ್ನೇ ಪದಕ್ಕೆ ಸೇರಿಸಿ ಹಾಡುತ್ತಿದ್ದರು. ನಾಚಿ ಮತ್ತೆ ಕೂರುತ್ತಿದ್ದರು.

ಮಧ್ಯಾಹ್ನ ನಾನು ಬುತ್ತಿ ಒಯ್ದೆ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಅತ್ತೆ ಬಿಸಿಲಿಗೆ ಸೆರಗು ಹೊದ್ದು ಕೂತಿದ್ದರು, ಕಣ್ಣು ಬಂದೂಕಿನ ಮೇಲೇ. ನಾನು ಬುತ್ತಿ ಬಿಚ್ಚಿಟ್ಟು ಪಕ್ಕಕ್ಕೆ ನಿಂತೆ.

"ಯಾಕ ನಿಂತಿ? ಕುಂದ್ರು. ನೀನೂ ಉಣ್ಣು."

"ಆಮ್ಯಾಲೆ ಉಣ್ತೇನ್ರಿ."

"ನಾ ಹಿರೇಕೆರೂರಿಂದ ಬಂದಾಗ ನಮ್ಮತ್ತಿ ಮುಂದ ಕುಂತು ಉಂಡಾಕಿ ಅಲ್ಲ. ಅಕಿ ತೀರಿಕೊಂಡ ಮ್ಯಾಲೇನ ಕುಂತು ಉಂಡೆ. ಅದರಿಂದ ಯಾರಿಗೆ ಏನು ಬಂತು ಹೇಳು? ಕುಂದ್ರು."

ನಾನು ಕೂತೆ. ಒಂದೇ ಬಟ್ಟೆಯ ಮೇಲಿನ ರೊಟ್ಟಿಯನ್ನು ಇಬ್ಬರೂ ಮುರಿದು ತಿಂದೆವು. ಸ್ವಲ್ಪ ಹೊತ್ತಿಗೆ ನನ್ನ ಬಾಯಿಂದ ತಾನಾಗಿಯೇ ಮಾತು ಹೊರಟಿತು. "ಅತ್ತಿ, ನನಗ ನಿಮ್ಮನ್ನ ಕಂಡ್ರ ಭಾಳ ಅಂಜಿಕಿರಿ."

ಅತ್ತೆ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು. "ನನಗ ಅಂಜತೀಯೋ, ಬಂದೂಕಿಗೆ ಅಂಜತೀಯೋ?"

"ಎರಡಕ್ಕೂ ರೀ."

ಅವರಿಗೆ ನಗು ತಡೆಯಲಾಗಲಿಲ್ಲ. ಹಲ್ಲಿನ ಸಂದಿನಿಂದ ಸಿಳ್ಳು ಬಂತು, ಕಣ್ಣಿನಿಂದ ನೀರು ಬಂತು. "ಬಂದೂಕಿಗೆ ಅಂಜು, ಅದು ಛಲೋ. ನಾನೂ ಅಂಜತೇನಿ. ಮುಂಜಾನಿಂದ ಎದಿ ಹೆಂಗ ಬಡಕೊಳ್ಳಾಕತ್ತೈತಿ ಗೊತ್ತೇನು? ಆದರ ನನಗ ಅಂಜಿ ಏನು ಮಾಡ್ತಿ? ನನಗ ಚಿಲಕ ಇಲ್ಲ, ಗೂಟಕ್ಕ ತೂಗ್ಹಾಕೂದಿಲ್ಲ. ಸಿಟ್ಟು ಬಂದ್ರ ಅಲ್ಲೇ ಹಾರಿಸಿ ಮುಗಿಸ್ತೇನಿ, ಒಳಗ ಇಟಗೊಳ್ಳೂದಿಲ್ಲ."

ಅಂದಿನಿಂದ ನಾವು ಒಟ್ಟಿಗೇ ಕೂತು ಉಣ್ಣತೊಡಗಿದೆವು.

ಉಣ್ಣುತ್ತಿರುವಾಗಲೇ ಸೈಕಲ್ ತುಳಿಯುತ್ತ ಹವಾಲ್ದಾರ ಪ್ರಾಣೇಶ ಬಂದರು. ಸವಣೂರಿನ ಆಚಾರ್ಯರ ಮನೆತನದವರು, ತೆಳ್ಳಗಿನ ಮನುಷ್ಯ, ಖಾಕಿ ಟೊಪ್ಪಿಗೆಯ ಕೆಳಗೆ ಹಣೆಯ ಮೇಲೆ ಅಂಗಾರದ ಗೆರೆ. "ಹಾಲವ್ವಾರ, ನಿಮ್ಮದೊಂದ ಬಾಕಿ. ಸಂಜಿಯೊಳಗ ಜಮಾ ಆಗಬೇಕ್ರಿ" ಎಂದರು.

"ಅಲ್ಲಿ ಮಲಗೇತಿ ನೋಡ್ರಿ."

ಹವಾಲ್ದಾರರು ಮಣ್ಣಿನ ಚೀಲ, ತೆರೆದ ಚಿಲಕ, ಒಡ್ಡು ಎಲ್ಲವನ್ನೂ ನೋಡಿದರು. ಅವರಿಗೆ ಬೇರೆ ಏನೂ ಹೇಳಬೇಕಾಗಲಿಲ್ಲ. "ನಮ್ಮ ಟ್ರೇನಿಂಗಿನ್ಯಾಗೂ ಹಿಂಗ ಹೇಳ್ತಿದ್ರು. ಮೂತಿ ಗುರಿ ಕಡೆ ಇಟ್ಟು ಉಸ್ತಾದ ಬರೂತನಕ ಸುಮ್ನ ಇರ್ರಿ ಅಂತ. ನಮಗ ಅದ ಕಠಿಣ ಆಗತಿತ್ತು, ಸುಮ್ನ ಇರೂದು" ಎಂದರು. ಸೈಕಲ್ಲನ್ನು ಹೊಲದ ಬಾಯಿಗೆ ಅಡ್ಡ ನಿಲ್ಲಿಸಿ, ಹಳ್ಳದಾಚೆಯ ದನ ಕಾಯುವವರನ್ನು ಕೂಗಿ ಬೇರೆ ಕಡೆ ಕಳಿಸಿ, ತಾವೂ ಕಾವಲಿಗೆ ನಿಂತರು. ಅತ್ತೆ ಅವರಿಗೆ ಮೊಸರನ್ನವಾದರೂ ಉಣ್ಣಿ ಎಂದರು. ಮಡಿ ಅಡ್ಡ ಬಂತೋ ಏನೋ, ಎರಡು ಬಾಳೆಹಣ್ಣು ಮಾತ್ರ ತೆಗೆದುಕೊಂಡರು.

ಬಿಸಿಲು ಇಳಿಯುವ ಹೊತ್ತಿಗೆ ರಾಜದೂತ್ ಬಂತು. ಹಿಂದೆ ಕೂತ ಖಾದರಸಾಬನ ಗಡ್ಡ, ಹುಬ್ಬು, ಟೋಪಿ ಎಲ್ಲ ಕೆಂಪು ಧೂಳು. ತೊಗಲಿನ ಚೀಲವನ್ನು ಕೂಸಿನ ಹಾಗೆ ಅಪ್ಪಿಕೊಂಡಿದ್ದ. ಇಳಿದವನು ಸ್ವಲ್ಪ ಹೊತ್ತು ಬದುವನ್ನು ಹಿಡಿದುಕೊಂಡೇ ನಿಂತ.

"ಅವ್ವಾರ, ಬಂದೂಕಿಗೆ ನಾ ಅಂಜವಲ್ಲ. ಈ ತಮ್ಮನ ಗಾಡಿಗೆ ಅಂಜಿದೆ."

ಬಸವಣ್ಣೆಪ್ಪ ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡ.

ಖಾದರಸಾಬ ಮೊದಲು ಭಜನೆಯವರನ್ನು ಇನ್ನೂ ಹಿಂದೆ ಸರಿಸಿದ. ಬಂದೂಕನ್ನು ಮಲಗಿದಲ್ಲಿಂದ ಎತ್ತದೆ, ಪಕ್ಕದಲ್ಲಿ ಮೊಣಕಾಲೂರಿ, ಚಿಲಕವನ್ನು ಪೂರ್ತಿ ಹೊರಗೆ ತೆಗೆದು ಅತ್ತೆಗೆ ಕೊಟ್ಟ. "ಈಗ ಅದರ ಬೆನ್ನಿಗೆ ಬಡಿಯೂದು ಏನೂ ಉಳದಿಲ್ಲ" ಎಂದ. ಆಮೇಲೆ ಹಿಂದಿನಿಂದ ತೆಳು ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಎದ್ದು ಬಂದು ಚಹಾ ಕೇಳಿದ. ಚಹಾ ಕುಡಿದ, ಎಲೆ ಹಾಕಿದ, ಹವಾಲ್ದಾರರ ಸಂಗಡ ಸವಣೂರಿನ ಎಲೆಬಳ್ಳಿಗೆ ಬಿದ್ದ ರೋಗದ ಬಗ್ಗೆ ಮಾತಾಡಿದ. ಬಸವಣ್ಣೆಪ್ಪನಿಗೆ ತಡೆಯಲಾಗಲಿಲ್ಲ.

"ಕೆಲಸ ಯಾವಾಗ ಸುರು ಮಾಡ್ತೀರಿ?"

"ಎಣ್ಣಿ ಮಾಡಾಕತ್ತೈತಲ್ಲ" ಎಂದ ಖಾದರಸಾಬ.

ಸಾಕೆನಿಸಿದಾಗ ಚೀಲದಿಂದ ಒಂದು ಸಣ್ಣ ಹಿತ್ತಾಳೆಯ ಕೊಕ್ಕೆ ತೆಗೆದ. ಮುಖವನ್ನು ಪಕ್ಕಕ್ಕಿಟ್ಟು, ಕಾಡತೂಸಿನ ಅಂಚಿಗೆ ಮಾತ್ರ ಕೊಕ್ಕೆ ಸಿಗಿಸಿದ. ಅದರ ಬೆನ್ನಿನ ನಡುವೆ, ಪೆಟ್ಟು ಬಿದ್ದರೆ ಕಿಡಿ ಹತ್ತುವ ಟೋಪಿಯನ್ನು ಮುಟ್ಟಲೇ ಇಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹಲ್ಲಿನ ಸಂದಿನಿಂದ ಅಡಿಕೆ ಚೂರು ತೆಗೆಯುವ ಹಾಗೆ. ಮೊದಲು ಏನೂ ಆಗಲಿಲ್ಲ. ಅವನೂ ಜೋರು ಮಾಡಲಿಲ್ಲ, ಇನ್ನಷ್ಟು ಎಣ್ಣೆ ಬಿಟ್ಟು ಮತ್ತೆ ಹಿಂದೆ ಸರಿದ. ಎರಡನೆಯ ಸಲ ಕೂತಾಗ ಅದು ಅಲುಗಿತು. ಮೆಲ್ಲಗೆ ಹೊರಗೆ ಬಂದು, ಹಾಸಿದ ಬಟ್ಟೆಯ ಮೇಲೆ ಉರುಳಿತು. ಹುಣಸೆಮರದ ಕೆಳಗೆ ತಾಳ ನಿಂತಿತು.

ಕಾಡತೂಸಿನ ಹಿತ್ತಾಳೆಯ ಮೈ ತುಂಬ ಹಸಿರು ಕಿಲುಬು ಹಿಡಿದಿತ್ತು. ಖಾದರಸಾಬ ಚಿಲಕದ ಉಗುರನ್ನು ತೋರಿಸಿದ. ಅದರ ತುದಿ ಸವೆದಿತ್ತು. ಪೆಟ್ಟಿಗೆಯಲ್ಲಿದ್ದ ಉಳಿದ ಕಾಡತೂಸುಗಳನ್ನೂ ನೋಡಿ, "ಇವಕ್ಕೆಲ್ಲ ಥಂಡಿ ಹತ್ತೇತಿ. ಎಲ್ಲಿ ಇಟ್ಟಿದ್ರಿ?" ಎಂದ.

ಮಾವ ಕೆಮ್ಮಿದರು. ಮಳೆಗಾಲದಲ್ಲಿ ಹಾರ್ಮೋನಿಯಂ ನೆನೆಯುತ್ತದೆಂದು ಅದನ್ನು ಒಣ ಮೂಲೆಗೆ ಇಟ್ಟು, ಟ್ರಂಕನ್ನು ಸೋರುವ ಹಂಚಿನ ಕೆಳಗೆ ಸರಿಸಿದ್ದವರು ಅವರೇ. ಅತ್ತೆ ಗಂಡನ ಕಡೆ ನೋಡಿ, "ಹೋಗಲಿ, ಹಾರ್ಮೋನಿಯಂ ಪೆಟಗಿಯರ ಸುರಕ್ಷಿತ ಐತಲ್ಲ" ಎಂದರು.

ನಳಿಗೆಯ ಒಂದು ತುದಿಯಿಂದ ಖಾದರಸಾಬ ಬೆಳಕು ನೋಡಿದ. ಸ್ವಚ್ಛವಿತ್ತು. ಅತ್ತೆ ಕಣ್ಣಿನಿಂದ ನೋಡಿದರು, ಕಿರುಬೆರಳು ಹಾಕಿ ನೋಡಿದರು. ಆಮೇಲೆ ಹವಾಲ್ದಾರರಿಗೆ, "ನೀವೂ ನೋಡ್ರಿ" ಎಂದರು. ಪ್ರಾಣೇಶರು ನಗದೆ, ಶ್ರದ್ಧೆಯಿಂದಲೇ ಬೆರಳು ಹಾಕಿದರು. ಹಾರದ ಕಾಡತೂಸನ್ನೂ ಥಂಡಿ ಹತ್ತಿದವನ್ನೂ ಬೇರೆ ಡಬ್ಬಿಯಲ್ಲಿ ಮುಚ್ಚಿ, ಬಂದೂಕು ಬೇರೆ, ಚಿಲಕ ಬೇರೆ ಮಾಡಿ, ಎಲ್ಲವನ್ನೂ ಠಾಣೆಗೆ ಒಯ್ಯಲಾಯಿತು. ಹವಾಲ್ದಾರರ ಸಂಗಡ ಅತ್ತೆಯೂ ಹೊರಟರು, ಬಸವಣ್ಣೆಪ್ಪನ ಗಾಡಿಯಲ್ಲಲ್ಲ, ಎತ್ತಿನ ಚಕ್ಕಡಿಯಲ್ಲಿ. ಖಾದರಸಾಬನೂ ಅದೇ ಚಕ್ಕಡಿ ಹತ್ತಿದ.

ಪ್ರಾಣೇಶರು ಇದನ್ನು ಠಾಣೆಯಲ್ಲಿ ಹೇಳಿರಬೇಕು. ಎಂಬತ್ತೈದರಲ್ಲಿ ಮತ್ತೆ ಚುನಾವಣೆ ಬಂದಾಗ ಶಿಗ್ಗಾಂವಿಯ ಫೌಜದಾರರು ಅತ್ತೆಗೂ ಖಾದರಸಾಬನಿಗೂ ಹೇಳಿ ಕಳಿಸಿದರು. ಠಾಣೆಯ ಹಿಂದಿನ ಬೇವಿನ ಮರದ ಕೆಳಗೆ ಉಸುಕಿನ ಚೀಲ ಒಟ್ಟಿ, ಎರಡು ಕುರ್ಚಿ ಹಾಕಿದ್ದರು. ಜಮಾ ಆಗುವ ಬಂದೂಕುಗಳನ್ನೆಲ್ಲ ಮೊದಲು ಇವರಿಬ್ಬರು ನೋಡಬೇಕು. ನಾನೂ ಜೊತೆಗೆ ಹೋಗಿದ್ದೆ. ಅಷ್ಟು ಹೊತ್ತಿಗೆ ಚಿಲಕ ತೆರೆದು ನೋಡುವುದನ್ನು ನನಗೂ ಕಲಿಸಿದ್ದರು. ಹೊಡೆಯುವುದನ್ನು ನಾನು ಕಲಿಯಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ.

ಒಬ್ಬ ದೊಡ್ಡ ಜಮೀನುದಾರ ಜೋಡುನಳಿಗೆಯ ಬಂದೂಕನ್ನು ಹೆಗಲಿಗೇರಿಸಿಕೊಂಡು ಬಂದ. ಅತ್ತೆ ನಳಿಗೆಯನ್ನು ಬುಡದಲ್ಲಿ ಬಾಗಿಸಿ ತೆರೆದು ನೋಡಿದರೆ ಎರಡು ನಳಿಗೆಯಲ್ಲೂ ಕಾಡತೂಸು ಕೂತಿದ್ದವು. ಅವನು ಅದನ್ನು ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಬಂದಿದ್ದ. ಅತ್ತೆ ಎರಡನ್ನೂ ತೆಗೆದು ಅವನ ಅಂಗೈಯಲ್ಲಿಟ್ಟು, "ಬಸ್ಸಿನ್ಯಾಗ ಕುಂತವರ ಪುಣ್ಯ ಛಲೋ ಇತ್ತು" ಎಂದರು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ನೀರು ಕೇಳಿದ. ಅತ್ತೆ ನೀರು ಕುಡಿಸಿ, ಚಹಾ ಕುಡಿಸಿ ಕಳಿಸಿದರು. ಮುಂದೆ ಅವನ ಮನೆಯ ಮದುವೆಗೆ ನಮಗೆಲ್ಲ ಕರೆ ಬಂತು.

ಎಂಬತ್ತೆಂಟರ ಹೊತ್ತಿಗೆ ಅತ್ತೆಯ ಕಣ್ಣಿಗೆ ಪೊರೆ ಬರತೊಡಗಿತು. ಒಂದು ಮುಂಜಾನೆ ಒಡ್ಡಿನ ಮುಂದೆ ನಿಂತವರು ಗುಂಡು ಹಾರಿಸದೆ ಮನೆಗೆ ಬಂದರು. ಬಂದೂಕಿಗೆ ಎಣ್ಣೆ ಹಚ್ಚಿದರು. ಮರುದಿನ ನನ್ನನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋಗಿ, ಲೈಸೆನ್ಸಿನ ಸಂಗಡ ಅದನ್ನು ಒಪ್ಪಿಸಿಬಿಟ್ಟರು.

"ಇನ್ನೊಂದೆರಡು ವರ್ಷ ಇಟಗೊಬಹುದಿತ್ತಲ್ರೀ ಅವ್ವಾರ" ಎಂದರು ಹೊಸ ಫೌಜದಾರರು.

"ಒಡ್ಡು ಕಾಣತೈತ್ರಿ ಸಾಹೇಬರ. ಒಡ್ಡಿನ ಮುಂದ ಯಾರರ ನಿಂತಿದ್ರ ಕಾಣೂದಿಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಮುಖದಲ್ಲಿ ದುಃಖವೇನೂ ಇರಲಿಲ್ಲ. ಕೈಯಲ್ಲಿ ಹಿಡಿಯಲು ಏನೂ ಇಲ್ಲದ್ದಕ್ಕೋ ಏನೋ, ನನ್ನ ಕೈ ಹಿಡಿದುಕೊಂಡರು. ಶಿಗ್ಗಾಂವಿ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಬಂತು. ತಲೆ ನನ್ನ ಹೆಗಲಿಗೆ ವಾಲಿತು. ನಮ್ಮೂರ ಕ್ರಾಸು ಬಂದಾಗ ನಾನೇ ಎಬ್ಬಿಸಿದೆ.